ಟಾಗೆಸ್

ಟಾಗೆಸ್ ಪ್ರಾಚೀನ ಇಟಲಿಯ ಎಟ್ರುಸ್ಕನ್ ಪರಂಪರೆಯಲ್ಲಿ ಬರುವ ಪೌರಾಣಿಕ ಪ್ರವಾದಿ. ಬಲಿಪ್ರಾಣಿಗಳ ಯಕೃತ್ತು ಮೊದಲಾದ ಒಳಾಂಗಗಳನ್ನು ಪರೀಕ್ಷಿಸಿ ದೇವತೆಗಳ ಇಚ್ಛೆಯನ್ನು ತಿಳಿಯುವ ವಿದ್ಯೆಯನ್ನು ಎಟ್ರುಸ್ಕನ್ನರಿಗೆ ಬೋಧಿಸಿದವನು ಈತನೆಂದು ನಂಬಲಾಗಿತ್ತು. ಈ ವಿದ್ಯೆಯಲ್ಲಿ ಪರಿಣತನಾದವನನ್ನು ರೋಮನ್ನರು 'ಹರುಸ್ಪೆಕ್ಸ್' ಎಂದು ಕರೆಯುತ್ತಿದ್ದರು.

ಜನನದ ಕಥೆ

ಕ್ರಿ.ಪೂ. 44ರಲ್ಲಿ ಸಿಸೆರೊ ಪೂರ್ಣಗೊಳಿಸಿದ, ಶಕುನವಿದ್ಯೆಯನ್ನು ಕುರಿತ 'ದೆ ದಿವಿನತಿಯೋನೆ' ಎಂಬ ಲ್ಯಾಟಿನ್ ಕೃತಿಯಲ್ಲಿ ಈ ಕಥೆ ದೊರೆಯುತ್ತದೆ. ಇಂದಿನ ತಾರ್ಕ್ವಿನಿಯಾ ನಗರದ ಪ್ರದೇಶದಲ್ಲಿ ರೈತನೊಬ್ಬನು ಹೊಲ ಉಳುತ್ತಿದ್ದಾಗ ನೇಗಿಲು ಎಂದಿಗಿಂತ ಆಳಕ್ಕೆ ಇಳಿಯಿತು. ಆಗ ನೇಗಿಲ ಸಾಲಿನಿಂದ ಟಾಗೆಸ್ ಹಠಾತ್ತನೆ ಮೇಲೆದ್ದು ಅವನೊಡನೆ ಮಾತನಾಡಿದನು. ಅವನು ರೂಪದಲ್ಲಿ ಬಾಲಕನಾಗಿದ್ದರೂ ವಿವೇಕದಲ್ಲಿ ವೃದ್ಧನಂತಿದ್ದನು. ಬೆರಗಾದ ರೈತನ ಕೂಗಿಗೆ ಜನರು ಓಡಿಬಂದರು. ಅಲ್ಪಕಾಲದಲ್ಲಿಯೇ ಇಡೀ ಎಟ್ರುರಿಯಾ ಅಲ್ಲಿ ನೆರೆಯಿತು. ಟಾಗೆಸ್ ಅವರಿಗೆ ದೀರ್ಘವಾಗಿ ಉಪದೇಶಿಸಿದನು. ಕೇಳಿದವರು ಅದನ್ನೆಲ್ಲ ಬರೆದಿಟ್ಟುಕೊಂಡರು.

ಕವಿ ಓವಿಡ್‌ನ ಪ್ರಕಾರ, ಹೊಲದ ಮಣ್ಣಿನ ಹೆಂಟೆಯೊಂದು ತಾನಾಗಿಯೇ ಚಲಿಸಿ ಮನುಷ್ಯರೂಪವನ್ನು ತಾಳಿತು. ಫೆಸ್ಟಸ್ ಎಂಬ ಲೇಖಕನು ಟಾಗೆಸ್‌ನನ್ನು ಜೂಪಿಟರ್‌ನ ಮೊಮ್ಮಗನೆಂದೂ ಎಟ್ರುರಿಯಾದ 12 ಜನಸಮುದಾಯಗಳ ಗುರುವೆಂದೂ ಹೇಳುತ್ತಾನೆ.

ಸಿಸೆರೊನ ಟೀಕೆ

ಸಿಸೆರೊ ಈ ಕಥೆಯನ್ನು ಹೇಳಿದ್ದು ಅದನ್ನು ಅಲ್ಲಗಳೆಯುವುದಕ್ಕಾಗಿ. ಟಾಗೆಸ್ ದೇವರಾಗಿದ್ದರೆ ಮಣ್ಣಿನಡಿಯಲ್ಲಿ ಅಡಗಿದ್ದುದೇಕೆ, ಮನುಷ್ಯನಾಗಿದ್ದರೆ ನೆಲದೊಳಗೆ ಬದುಕಿದ್ದು ಹೇಗೆ ಎಂದು ಅವನು ಪ್ರಶ್ನಿಸುತ್ತಾನೆ. ಹೀಗೆ, ಎಟ್ರುಸ್ಕನ್ನರು ಪವಿತ್ರವೆಂದು ಭಾವಿಸಿದ್ದ ಈ ಕಥೆಯ ಪ್ರಸಿದ್ಧ ನಿರೂಪಣೆಯು ಅದನ್ನು ನಂಬದ ರೋಮನ್ನನೊಬ್ಬನ ಬರಹದಲ್ಲಿ ಉಳಿದುಬಂದಿದೆ.

ಗ್ರಂಥಗಳು

ಟಾಗೆಸ್‌ನ ಬೋಧನೆಗಳನ್ನು ಒಳಗೊಂಡಿದ್ದ ಗ್ರಂಥಗಳು ಇಂದು ಲಭ್ಯವಿಲ್ಲ. ಎಟ್ರುಸ್ಕನ್ನರ ಧಾರ್ಮಿಕ ಶಾಸ್ತ್ರವನ್ನು ರೋಮನ್ನರು 'ಎಟ್ರುಸ್ಕಾ ಡಿಸಿಪ್ಲೀನಾ' ಎಂದು ಕರೆದು, ಅದರಲ್ಲಿ ಯಕೃತ್ ಪರೀಕ್ಷೆ, ಸಿಡಿಲಿನ ಶಕುನ ಹಾಗೂ ವಿಧಿವಿಧಾನಗಳೆಂಬ ಮೂರು ಬಗೆಯ ಗ್ರಂಥಗಳನ್ನು ಗುರುತಿಸಿದ್ದರು.

ಪುರಾತತ್ವ ಸಾಕ್ಷ್ಯ

ತುಸ್ಕಾನಿಯಾದಲ್ಲಿ ದೊರೆತ ಎಟ್ರುಸ್ಕನ್ ಕಂಚಿನ ಕನ್ನಡಿಯೊಂದರ ಮೇಲೆ ಯುವಕನೊಬ್ಬನು ಯಕೃತ್ತನ್ನು ಪರೀಕ್ಷಿಸುತ್ತಿರುವ ಚಿತ್ರವಿದೆ. ಅವನ ಬಳಿ 'ಪವ ತರ್ಖಿಯೆಸ್' ಎಂಬ ಹೆಸರನ್ನು ಕೊರೆಯಲಾಗಿದೆ. ಇವನೇ ಟಾಗೆಸ್ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. 1877ರಲ್ಲಿ ಪಿಯಾಚೆಂಜಾ ಬಳಿ ದೊರೆತ, ಕುರಿಯ ಯಕೃತ್ತಿನ ಕಂಚಿನ ಮಾದರಿಯು ಈ ವಿದ್ಯೆಯ ಸ್ವರೂಪವನ್ನು ತಿಳಿಸುತ್ತದೆ. ಅದರ ಅಂಚನ್ನು 16 ಭಾಗಗಳಾಗಿ ವಿಂಗಡಿಸಿ, ದೇವತೆಗಳ ಹೆಸರುಗಳನ್ನು ಬರೆಯಲಾಗಿದೆ.

ಪ್ರಭಾವ

ಎಟ್ರುಸ್ಕನ್ ನಗರಗಳು ರೋಮಿನ ಆಳ್ವಿಕೆಗೆ ಒಳಪಟ್ಟ ಬಳಿಕವೂ ಅಲ್ಲಿನ ಸೆನೆಟ್ ಅಪಶಕುನಗಳ ಸಂದರ್ಭದಲ್ಲಿ ಹರುಸ್ಪೆಕ್ಸ್‌ಗಳ ಸಲಹೆಯನ್ನು ಪಡೆಯುತ್ತಿತ್ತು. ಕ್ರಿ.ಶ. 47ರಲ್ಲಿ ಚಕ್ರವರ್ತಿ ಕ್ಲಾಡಿಯಸ್, ಈ ಪುರಾತನ ವಿದ್ಯೆಯು ನಶಿಸದಂತೆ ರಕ್ಷಿಸಬೇಕೆಂಬ ವಿಷಯವನ್ನು ಸೆನೆಟ್‌ನ ಮುಂದಿಟ್ಟನು.