ಯುದ್ಧಕಾಲದ ಉಗಿಬಂಡಿಗೆ ಹರಳೆಣ್ಣೆ

ಎರಡನೆಯ ಮಹಾಯುದ್ಧದಲ್ಲಿ ಕಲ್ಲಿದ್ದಲಿಗೂ ಕೀಲೆಣ್ಣೆಗೂ ಅಭಾವವೊದಗಿದಾಗ, ಬಾಣಾವರ, ದೇವನೂರು, ಕಡೂರು, ಬೀರೂರುಗಳ ಹಾದಿಯಲ್ಲಿ ರೈಲು ಯಾವುದರ ಬಲದಿಂದ ಓಡಿತೆಂದು ದೇವನೂರು ಕಡೆಯ ಓದುಗರೊಬ್ಬರು ಕೇಳಿದ್ದಾರೆ. ಪ್ರಶ್ನೆ ಸೊಗಸಾದುದು. ಈ ಊರುಗಳ ಮೂಲಕ ಹಾಯುವ ಬೆಂಗಳೂರು–ಹರಿಹರ ಮಾರ್ಗದ ಆಡಳಿತವು 1938ರಲ್ಲಿ ರೈಲು ಕಂಪೆನಿಯೊಂದರಿಂದ ಮೈಸೂರು ಸಂಸ್ಥಾನದ ವಶಕ್ಕೆ ಬಂದು ಎರಡು ವರ್ಷ ತುಂಬುವ ಮುನ್ನವೇ ಯುದ್ಧವು ಆರಂಭವಾಗಿತ್ತು. ಸಂಸ್ಥಾನದಲ್ಲಿಯೋ ಕಲ್ಲಿದ್ದಲಿನ ಗಣಿಯೊಂದೂ ಇರಲಿಲ್ಲ.

ಆ ಕಾಲದ ಬಿಕ್ಕಟ್ಟನ್ನು ನೆನೆಯಬೇಕಾದರೆ ಹಳಿಗಳನ್ನೇ ಕಿತ್ತ ಸಂಗತಿಯನ್ನು ನೋಡಬೇಕು. ಮಲಬಾರಿನ ಶೋರನೂರು–ನಿಲಂಬೂರು ಮಾರ್ಗ, ನಮ್ಮ ಗಡಿಯಾಚೆಯ ಹೊಸೂರಿಗೆ ಮೊರಪ್ಪೂರಿನಿಂದ ಬರುತ್ತಿದ್ದ ಕಿರುರೈಲು, ಕಾಂಗ್ಡಾ ಕಣಿವೆಯ ತುದಿಭಾಗ, ಇವೆಲ್ಲ 1941–42ರಲ್ಲಿ ಯುದ್ಧದ ಕಬ್ಬಿಣಕ್ಕಾಗಿ ಕಳಚಲ್ಪಟ್ಟುವು. ಪೆಟ್ರೋಲು ರೇಷನ್ನಿಗೆ ಸಿಕ್ಕಿ ಬಸ್ಸುಗಳು ಇದ್ದಲಿನ ಅನಿಲದಿಂದ ಏದುತ್ತ ಸಾಗಿದುವು. ಅವುಗಳ ಭಾರವೂ ರೈಲಿನ ಹೆಗಲಿಗೇ ಬಿದ್ದಿತು.

ಕಲ್ಲಿದ್ದಲಿಗೆ ಬದಲು ಸೌದೆಯೆಂಬುದು ಸುಲಭವಾಗಿ ತೋರುವ ಉತ್ತರ. ಮದರಾಸು ಸೀಮೆಯ ರೈಲುಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಸೌದೆಯನ್ನು ಉರಿಸಿದ್ದುವು. ಅದಕ್ಕೆಂದೇ ಕರಾವಳಿಯಲ್ಲಿ ಸರ್ವೆ ತೋಪುಗಳನ್ನು ಬೆಳೆಸಿದ್ದರು. ಆದರೆ ಒಣಸೌದೆಯ ಶಾಖವು ಕಿಲೋಗ್ರಾಮಿಗೆ ಸುಮಾರು 3500 ಕಿಲೋಕ್ಯಾಲರಿ, ಉತ್ತಮ ಕಲ್ಲಿದ್ದಲಿನದು 6000ಕ್ಕೂ ಮೇಲು. ತೂಕ ಇಮ್ಮಡಿಯಾದರೆ ಆಕ್ರಮಿಸುವ ಜಾಗ ನಾಲ್ಮಡಿಯಾಗುವುದರಿಂದ, ಎಂಜಿನ್ನಿನ ಹಿಂದಿನ ಇಂಧನದ ಬಂಡಿಯಾದ ಟೆಂಡರು ಬೇಗನೆ ಬರಿದಾಗುತ್ತದೆ. ಹಸಿಕಟ್ಟಿಗೆಯಾದರೆ ಅದರೊಳಗಿನ ನೀರನ್ನು ಆವಿಯಾಗಿಸಲು ಶಾಖದ ಒಂದು ಪಾಲು ವ್ಯಯವಾಗುತ್ತದೆ. ಚಿಮಣಿಯಿಂದ ಹಾರುವ ಕಿಡಿಗಳು ಬಯಲುಸೀಮೆಯ ಹುಲ್ಲುಬಣವೆಗೆ ಶತ್ರುಗಳೆಂದು ಬೇರೆ ಹೇಳಬೇಕಿಲ್ಲ.

ಆದರೂ ನನ್ನ ಮನಸ್ಸನ್ನು ಸೆಳೆದಿರುವುದು ಬೆಂಕಿಯಲ್ಲ, ಅಚ್ಚಿಗೆ ಬಿಡುವ ಎಣ್ಣೆ. ಆಗಿನ ಗಾಡಿಯ ಸಮಸ್ತ ಭಾರವೂ ಅಚ್ಚಿನ ತುದಿಯ ಮೇಲೆ ಕವಚದಂತೆ ಕುಳಿತ ಲೋಹದ ತುಂಡಿನ ಮೇಲೆ ನಿಲ್ಲುತ್ತಿತ್ತು. ಕೆಳಗೆ ಪೆಟ್ಟಿಗೆಯೊಳಗಿನ ಎಣ್ಣೆಯನ್ನು ನೂಲಿನ ಉಂಡೆಯೊಂದು, ದೇವನೂರಿನ ಲಕ್ಷ್ಮೀರಮಣನ ಮುಂದಿನ ದೀಪದ ಬತ್ತಿಯು ಎಣ್ಣೆಯನ್ನು ಜ್ವಾಲೆಗೆ ಏರಿಸುವಂತೆಯೇ, ಎಳೆಗಳ ಸಂದಿನಲ್ಲಿ ಮೇಲಕ್ಕೆಳೆದು ಅಚ್ಚಿಗೆ ಸವರುತ್ತಿತ್ತು. ಇಂತಹ ಜೋಡಣೆಯನ್ನೇ 1883ರ ಸುಮಾರಿನಲ್ಲಿ ಇಂಗ್ಲೆಂಡಿನ ಬೀಚಮ್ ಟವರ್ ಪರೀಕ್ಷಿಸುತ್ತಿದ್ದಾಗ, ಮೇಲ್ಭಾಗದ ಲೋಹದಲ್ಲಿ ಕೊರೆದ ರಂಧ್ರದಿಂದ ಎಣ್ಣೆ ಉಕ್ಕಿತು. ಮರದ ಬೆಣೆ ಬಡಿದರೆ ಬೆಣೆಯೇ ಹೊರಬಂದಿತು. ತಿರುಗುವ ಅಚ್ಚು ತನ್ನೊಡನೆ ಎಣ್ಣೆಯನ್ನೆಳೆದುಕೊಂಡು, ಭಾರವನ್ನೆತ್ತಿಹಿಡಿಯುವಷ್ಟು ಒತ್ತಡವನ್ನು ತಾನೇ ಸೃಷ್ಟಿಸುತ್ತದೆ; ಲೋಹವು ಲೋಹವನ್ನು ಮುಟ್ಟುವುದೇ ಇಲ್ಲ! ಇದರ ಗಣಿತವನ್ನು 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಬರೆದನು. ಎಣ್ಣೆಯ ಆ ಪೊರೆ ಹರಿದರೆ ಅಚ್ಚು ಕಾದು, ಆ ಕವಚದ ಒಳಮೈಗೆ ಬಳಿದ ಬಿಳಿಲೋಹ ಕರಗುತ್ತಿತ್ತು. ರೈಲಿನವರು ‘ಹಾಟ್ ಆಕ್ಸಲ್’ ಎಂದು ಕೂಗಿ ಗಾಡಿಯನ್ನು ಬಿಡಿಸಿಡಬೇಕಾಗುತ್ತಿತ್ತು.

1942ರಲ್ಲಿ ಮಲಯದೊಡನೆ ಬಿಳಿಲೋಹಕ್ಕೆ ಬೇಕಾದ ತವರವೂ, ಬರ್ಮಾದೊಡನೆ ಯೆನಾಂಗ್‌ಯೌಂಗಿನ ಖನಿಜತೈಲವೂ ಕೈತಪ್ಪಿದುವು. ಭಾರತೀಯ ರೈಲುಗಳಿಗೆ ಮೊದಲಿನಿಂದಲೂ ಪರಿಚಿತವಾಗಿದ್ದ ಹರಳೆಣ್ಣೆಯ ಯೋಗ್ಯತೆ ಇಲ್ಲಿ ತಿಳಿಯುತ್ತದೆ. ಕಡೂರಿನ ಹೊಲದಂಚಿನ ಹರಳುಗಿಡದ ಬೀಜದ ಎಣ್ಣೆಯಲ್ಲಿ ರಿಸಿನೋಲಿಕ್ ಎಂಬ ಆಮ್ಲವೇ ಪ್ರಧಾನ. ಅದರ ಹನ್ನೆರಡನೆಯ ಇಂಗಾಲಕ್ಕೆ ಹತ್ತಿದ ಹೈಡ್ರಾಕ್ಸಿಲ್ ಗುಂಪು ಅಣುಗಳನ್ನು ಪರಸ್ಪರ ಹಿಡಿದಿಡುವುದರಿಂದ, ಈ ಎಣ್ಣೆ ಕಡಲೆಕಾಯೆಣ್ಣೆಗಿಂತ ಸುಮಾರು ಹತ್ತುಪಟ್ಟು ಮಂದ. ಮಂದವಾದಷ್ಟೂ ಪೊರೆ ದೃಢ. ಇದನ್ನು ಬಡತನದ ಬದಲಿಯೆಂದು ಹಳಿಯುವವರ ಮಾತನ್ನು ನಾನು ಒಪ್ಪಲಾರೆ. ಬಹುಕಾಲ ಗಾಳಿಗೊಡ್ಡಿದರೆ ಅಂಟಾಗುವುದೊಂದೇ ಇದರ ನಿಜವಾದ ದೋಷ.

ಅದೇ 1942ರಲ್ಲಿ ಅಮೆರಿಕದ ಕ್ಲಾರೆನ್ಸ್ ಅರ್ಲ್ ಲಿಥಿಯಂ ಗ್ರೀಸಿಗೆ ಪೇಟೆಂಟು ಪಡೆದನು. ಆ ಗ್ರೀಸಿನ ಶ್ರೇಷ್ಠಪ್ರಕಾರಕ್ಕೆ ಮೂಲದ್ರವ್ಯವಾದ ಹೈಡ್ರಾಕ್ಸಿಸ್ಟಿಯರಿಕ್ ಆಮ್ಲವನ್ನು ಹರಳೆಣ್ಣೆಗೆ ಹೈಡ್ರೋಜನ್ನನ್ನು ಕೂಡಿಸಿ ತಯಾರಿಸುತ್ತಾರೆ. ಇಂದು ನಮ್ಮ ರೈಲುಗಳ ರೋಲರ್ ಬೇರಿಂಗುಗಳಲ್ಲಿ ತುಂಬಿರುವುದೂ ಲಿಥಿಯಂ ಗ್ರೀಸೇ.