ಬರೆದುಕೊಂಡು ಹೋದವರ ಋಣ

ಕಳೆದ ವರ್ಷದ ಬೇಸಗೆಯಲ್ಲಿ ನಮ್ಮ ನೆಂಟರ ಹುಡುಗಿಯೊಬ್ಬಳು ಶಿವಮೊಗ್ಗದ ನಮ್ಮ ಮನೆಯಲ್ಲಿ ತಂಗಿದ್ದಳು. ಎಂ. ಎ. ತರಗತಿಯ ವಿದ್ಯಾರ್ಥಿನಿ. ವ್ಯಾಸಂಗದ ಅಂಗವಾಗಿ ಪ್ರಬಂಧವೊಂದನ್ನು ಬರೆಯಬೇಕಾಗಿದ್ದುದರಿಂದ, ಪ್ರತಿನಿತ್ಯವೂ ಬೆಳಗಿನ ಬಸ್ಸಿನಲ್ಲಿ ಭದ್ರಾವತಿಗೆ ಹೋಗಿ, ಪಟ್ಟಣದ ಹೊರಗಿರುವ ಒಂದು ಬಡ ಕೇರಿಯಲ್ಲಿ ಮನೆಮನೆಯನ್ನೂ ಹೊಕ್ಕು, ನಲವತ್ತು ಪ್ರಶ್ನೆಗಳ ಅಚ್ಚಿನ ಹಾಳೆಗಳನ್ನು ತುಂಬಿಕೊಂಡು ಬರುತ್ತಿದ್ದಳು. ಮೂರನೆಯ ದಿನ ಮಧ್ಯಾಹ್ನಕ್ಕೆ ಮೊದಲೇ ಬರಿಯ ಹಾಳೆಗಳೊಡನೆ ಹಿಂದಿರುಗಿದಳು. ಮುಖ ಬಾಡಿತ್ತು. ಊಟಕ್ಕೆ ಕುಳಿತಾಗ ಕಾರಣವನ್ನು ತಿಳಿಸಿದಳು. ಜಗುಲಿಯ ಮೇಲಿದ್ದ ಮುದುಕಿಯೊಬ್ಬಳು ಆಕೆಯನ್ನು ತಡೆದು, “ಹೋದ ವರ್ಷ ಒಬ್ರು ಬಂದಿದ್ರು, ಅದರ ಹಿಂದಿನ ವರ್ಷ ಇಬ್ರು. ಎಲ್ಲಾ ಬರ್ಕೊಂಡು ಹೋದ್ರು. ಏನು ಬರ್ಕೊಂಡ್ರು ಅಂತ ಒಬ್ರೂ ತಿರುಗಿ ಬಂದು ಓದಿ ಹೇಳ್ಲಿಲ್ಲ. ನೀನಾದ್ರೂ ಹೇಳ್ತೀಯೇನವ್ವಾ?” ಎಂದು ಕೇಳಿದಳಂತೆ.

ಹುಡುಗಿಗೆ ಉತ್ತರ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ನಮಗೂ ಹೊಳೆಯಲಿಲ್ಲ.

ಆ ಹಾಳೆಯನ್ನು ತರಿಸಿ ನೋಡಿದೆವು. ಮನೆಯಲ್ಲಿ ಕುಡಿಯುವವರು ಎಷ್ಟು ಮಂದಿ, ಸಾಲವೆಷ್ಟು, ಗಂಡನು ಹೆಂಡತಿಯನ್ನು ಹೊಡೆಯುವುದುಂಟೆ ಎಂಬಂತಹ ಪ್ರಶ್ನೆಗಳು ಗ್ರಾಂಥಿಕ ಕನ್ನಡದಲ್ಲಿ ಸಾಲಾಗಿ ನಿಂತಿದ್ದುವು. ವಾಚಕರೇ, ಇದೇ ಹಾಳೆಯನ್ನು ಹಿಡಿದು ಅಪರಿಚಿತನೊಬ್ಬನು ನಮ್ಮ ನಿಮ್ಮ ಬಾಗಿಲಿಗೆ ಬಂದು ಮನೆಯ ಸೊಸೆಯನ್ನು ಹೀಗೆ ಕೇಳಿದ್ದರೆ ನಾವು ಅವನಿಗೆ ಮಣೆ ಹಾಕುತ್ತಿದ್ದೆವೆ? ನಮ್ಮ ಬಾಗಿಲಿಗೆ ಅಂತಹವನು ಬರುವುದೇ ಇಲ್ಲ. ಬಾಗಿಲನ್ನು ಮುಚ್ಚಿಕೊಳ್ಳುವ ಧೈರ್ಯ ಯಾರಿಗಿಲ್ಲವೋ ಅವರ ಬಾಗಿಲಿಗೇ ಪ್ರಶ್ನೆಗಳು ಹೋಗುತ್ತವೆ.

ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ೧೯೮೭ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯವಿದೆ. ಶಿವಮೊಗ್ಗದಲ್ಲಿ ವೈದ್ಯಕೀಯ ವಿದ್ಯಾಲಯವೂ ಇತರ ಕಾಲೇಜುಗಳೂ ಇವೆ. ವಿದ್ಯೆಯ ನಿಮಿತ್ತವಾಗಿ ಕೇರಿಗೂ ಕಾಡಂಚಿಗೂ ಹೋಗತಕ್ಕ ತರುಣ ತರುಣಿಯರು ನಮ್ಮ ಮನೆಗಳಿಂದಲೇ ಹೊರಡುವವರಾದುದರಿಂದ, ಈ ವಿಚಾರವು ಪಂಡಿತರಿಗೆ ಮಾತ್ರ ಸೇರಿದುದೆಂದು ನಾವು ಎಣಿಸಲಾರೆವು.

ಬರೆದುಕೊಳ್ಳುವವರನ್ನು ಕಂಡು ಅಂಜುವುದಕ್ಕೆ ಹಳೆಯ ಕಾರಣವೂ ಉಂಟು. ಬ್ರಿಟಿಷ್ ಸರಕಾರವು ೧೮೭೧ರ ಕಾನೂನಿನಿಂದ ಕೆಲವು ಪಂಗಡಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಮಾಡಿಸಿತು. ಆ ಕಾನೂನು ೧೯೫೨ರಲ್ಲಿ ರದ್ದಾಯಿತು. ಮದರಾಸಿನ ಥರ್ಸ್ಟನ್ ಮಹಾಶಯನು ಅಳತೆಯ ಉಪಕರಣಗಳನ್ನು ಹಿಡಿದು ಜನರ ಮೂಗು ತಲೆಗಳನ್ನು ಅಳೆದು, ೧೯೦೯ರಲ್ಲಿ ಏಳು ಸಂಪುಟಗಳನ್ನು ಪ್ರಕಟಿಸಿದನು. ಹೆಸರು ಬರೆಸಿ ಹೆಬ್ಬೆಟ್ಟೊತ್ತಿದವರ ಮೊಮ್ಮಕ್ಕಳಿಗೆ ಇಂದಿನ ಸಂಶೋಧಕನ ಒಪ್ಪಿಗೆಯ ಪತ್ರವೂ ಪೋಲೀಸಿನ ಕಾಗದದಂತೆಯೇ ಕಂಡರೆ ಅದರಲ್ಲಿ ಆಶ್ಚರ್ಯವೇನು?

ಇನ್ನು ನಮ್ಮ ಜಿಲ್ಲೆಯ ಸಂಗತಿಗೆ ಬರೋಣ. ಶಿವಮೊಗ್ಗ ಜಿಲ್ಲೆಯ ಎರಡು ಸಣ್ಣ ಹಳ್ಳಿಗಳ ಹೆಸರು ವೈದ್ಯಗ್ರಂಥಗಳಲ್ಲಿ ರೋಗದ ಹೆಸರಾಗಿ ನಿಂತಿದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಒಂದು. ೧೯೫೭ರಲ್ಲಿ ಅಲ್ಲಿಯ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದ ಸುದ್ದಿಯ ಬೆನ್ನು ಹತ್ತಿ ಪುಣೆಯ ವಿಜ್ಞಾನಿಗಳು ಉಣುಗಿನಿಂದ ಹರಡುವ ವಿಷಾಣುವನ್ನು ಕಂಡುಹಿಡಿದರು. ನಾವು ಅದನ್ನು ಮಂಗನ ಕಾಯಿಲೆ ಎನ್ನುತ್ತೇವೆ. ಲೋಕಕ್ಕೆ ಅದು ಕ್ಯಾಸನೂರು ಕಾಯಿಲೆ.

ಎರಡನೆಯದು ಸಾಗರ ತಾಲ್ಲೂಕಿನ ಹಂದಿಗೋಡು. ಅಲ್ಲಿಯ ದಲಿತ ಕುಟುಂಬಗಳಲ್ಲಿ ಸೊಂಟದ ಮತ್ತು ಮೊಣಕಾಲಿನ ಕೀಲುಗಳು ಸವೆದು ಕೂಲಿಮಾಡುವ ವಯಸ್ಸಿನವರೇ ನಡೆಯಲಾರದೆ ಹೋಗುವ, ಕೆಲವರ ಮೈಯ ಬೆಳವಣಿಗೆಯೇ ಕುಂಠಿತವಾಗುವ ರೋಗವೊಂದು ೧೯೭೦ರ ದಶಕದಲ್ಲಿ ವೈದ್ಯರ ಗಮನಕ್ಕೆ ಬಂದಿತು. ಗದ್ದೆಗೆ ಹೊಡೆದ ಕೀಟನಾಶಕವು ಏಡಿಗಳ ಮೂಲಕ ತಿಂದವರ ಮೈ ಸೇರಿರಬೇಕೆಂದು ಮೊದಲು ಸಂದೇಹಪಟ್ಟರು. ಬಳಿಕ ದೀರ್ಘಕಾಲದ ಪರೀಕ್ಷೆಗಳಿಂದ ಇದು ವಂಶಪಾರಂಪರ್ಯವಾಗಿ ಬರತಕ್ಕ ಎಲುಬಿನ ರೋಗವೆಂಬ ನಿರ್ಣಯವಾಯಿತು. ವಿದ್ವಾಂಸರಿಗೆ ಇದು ಬೆಲೆಯುಳ್ಳ ಶೋಧನೆಯೇ ಸರಿ. ರಕ್ತ ಕೊಟ್ಟು, ಎಲುಬಿನ ಚಿತ್ರ ತೆಗೆಸಿಕೊಂಡು, ವಂಶಾವಳಿಯನ್ನು ಬರೆಸಿದವರಿಗೆ ಮಾತ್ರ ಇಂದಿಗೂ ಮದ್ದು ದೊರೆತಿಲ್ಲ. ಮದ್ದು ದೊರೆಯದಿರುವುದು ವಿಜ್ಞಾನಿಯ ತಪ್ಪಲ್ಲವೆಂಬುದನ್ನು ಬಲ್ಲೆವು. ಆದರೆ ರಕ್ತ ಪಡೆಯುವ ದಿನವೇ “ಇದರಿಂದ ನಿಮಗೆ ಗುಣವಾಗುತ್ತದೆಂದು ನಾವು ಹೇಳಲಾರೆವು” ಎಂಬ ಮಾತನ್ನು ಬಾಯಿಬಿಟ್ಟು ಹೇಳುವುದು ಮದ್ದು ಕಂಡುಹಿಡಿಯುವಷ್ಟು ಕಷ್ಟವಾದುದಲ್ಲ. ಊರಿನ ಹೆಸರೇ ರೋಗದ ಹೆಸರಾದ ಮೇಲೆ ಅಲ್ಲಿಂದ ಹೆಣ್ಣು ತರುವವರು ಹಿಂದುಮುಂದು ನೋಡುವರೆಂಬುದನ್ನು ಗೃಹಸ್ಥರಾದ ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊಸ ರೋಗಗಳಿಗೆ ಊರಿನ ಹೆಸರನ್ನಾಗಲಿ ಜನಾಂಗದ ಹೆಸರನ್ನಾಗಲಿ ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೫ರಲ್ಲಿ ಸೂಚಿಸಿತು. ಹಂದಿಗೋಡಿನ ಪಾಲಿಗೆ ಅದು ತಡವಾಗಿ ಬಂದ ವಿವೇಕ.

ಕೊಟ್ಟ ರಕ್ತ ಮುಂದೇನಾಗುತ್ತದೆಂಬುದೂ ಕೇಳತಕ್ಕ ಪ್ರಶ್ನೆಯೇ. ಅಮೆರಿಕದ ಅರಿಜೋನದಲ್ಲಿ ಹವಸುಪಾಯಿ ಎಂಬ ಮೂಲನಿವಾಸಿಗಳು ಸಿಹಿಮೂತ್ರರೋಗದ ಪರೀಕ್ಷೆಗೆಂದು ೧೯೯೦ರ ಸುಮಾರಿನಲ್ಲಿ ರಕ್ತ ಕೊಟ್ಟರು. ವಿಶ್ವವಿದ್ಯಾನಿಲಯದವರು ಅದನ್ನು ಅವರಿಗೆ ತಿಳಿಸದೆಯೇ ಬೇರೆ ವಿಷಯಗಳಿಗೂ ಬಳಸಿಕೊಂಡರು. ವ್ಯಾಜ್ಯವು ೨೦೧೦ರಲ್ಲಿ ರಾಜಿಯಾಗಿ, ಏಳು ಲಕ್ಷ ಡಾಲರುಗಳೊಡನೆ ಉಳಿದ ರಕ್ತವೂ ಅವರ ಕೈಗೆ ಮರಳಿತು.

ಶಿವಮೊಗ್ಗದ ಸಮೀಪದ ಸದಾಶಿವಪುರದಲ್ಲಿ ಹಕ್ಕಿಪಿಕ್ಕಿ ಜನರ ವಸತಿಯಿದೆ. ಅವರ ಮನೆಮಾತು ವಾಗ್ರಿ. ಗುಜರಾತಿಯ ಕಡೆಯ ನಂಟುಳ್ಳ ಭಾಷೆ. ಅಚ್ಚಿನ ಕನ್ನಡದ ಪ್ರಶ್ನೆಗೆ ಅವರಲ್ಲೊಬ್ಬ ವೃದ್ಧೆಯು ತಲೆಯಾಡಿಸಿದರೆ ಅದು ಒಪ್ಪಿಗೆಯೋ ಮರ್ಯಾದೆಯೋ ಹೇಳುವವರಾರು? ಬೇಟೆಯು ಅವರ ಹಿಂದಿನ ಕಸುಬು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನಿನ ತರುವಾಯ ಅದು ಅಪರಾಧ. ಹೀಗಿರುವಲ್ಲಿ “ನೀವು ಏನನ್ನು ಬೇಟೆಯಾಡುತ್ತೀರಿ?” ಎಂದು ಹೆಸರು ಸಹಿತ ಬರೆದುಕೊಳ್ಳುವ ವಿದ್ಯಾರ್ಥಿಯು, ತಾನರಿಯದೆಯೇ, ತಪ್ಪೊಪ್ಪಿಗೆಯನ್ನು ಬರೆಸಿಕೊಳ್ಳುತ್ತಿರುತ್ತಾನೆ. ಗಿಡಮೂಲಿಕೆಗಳನ್ನೂ ಎಣ್ಣೆಯನ್ನೂ ಮಾರುತ್ತ ಈ ಜನರು ಆಫ್ರಿಕದವರೆಗೂ ಹೋಗುವರೆಂಬುದು, ೨೦೨೩ರಲ್ಲಿ ಸೂಡಾನಿನ ಯುದ್ಧದ ನಡುವೆ ಕರ್ನಾಟಕದ ಹಕ್ಕಿಪಿಕ್ಕಿಗಳು ಸಿಕ್ಕಿಬಿದ್ದಾಗ ದೇಶಕ್ಕೆಲ್ಲ ತಿಳಿಯಿತು. ಅವರ ಮೂಲಿಕೆಯ ಅರಿವು ಅವರ ಅನ್ನ. ಅದನ್ನು ಕೇಳಿ ಬರೆದು ಪ್ರಕಟಿಸಿದ ಮೇಲೆ ಯಾವ ಕಾರಖಾನೆಯವನಾದರೂ ಅದರಿಂದ ಎಣ್ಣೆ ಕಾಸಬಹುದು.

ಇದಕ್ಕೆ ಬೇರೊಂದು ದಾರಿಯನ್ನು ನೆರೆಯ ಕೇರಳದವರು ತೋರಿಸಿದ್ದಾರೆ. ೧೯೮೭ರಲ್ಲಿ ಅಗಸ್ತ್ಯಮಲೆಯಲ್ಲಿ ವಿಜ್ಞಾನಿಗಳಿಗೆ ದಾರಿ ತೋರಿಸುತ್ತಿದ್ದ ಕಾಣಿ ಜನರು ಸಣ್ಣ ಹಣ್ಣೊಂದನ್ನು ತಿನ್ನುತ್ತ ದಣಿವಿಲ್ಲದೆ ನಡೆಯುತ್ತಿದ್ದರು. ಆ ಆರೋಗ್ಯಪಚ್ಚೆಯಿಂದ ‘ಜೀವನಿ’ ಎಂಬ ಔಷಧವು ಸಿದ್ಧವಾದಾಗ, ಸಂಶೋಧನಾಲಯವು ತನಗೆ ಬಂದ ಹಣದಲ್ಲಿ ಅರ್ಧವನ್ನು ಆ ಜನರಿಗೆ ಕೊಡಲು ಒಪ್ಪಿತು. ೧೯೯೭ರಲ್ಲಿ ಅದಕ್ಕಾಗಿ ಅವರದೇ ಒಂದು ಟ್ರಸ್ಟು ಏರ್ಪಟ್ಟಿತು. ಎಲ್ಲ ಕಾಣಿಗಳನ್ನೂ ಕೇಳಲಿಲ್ಲವೆಂಬ ಅಸಮಾಧಾನ ಉಳಿದರೂ, ಅರಿವು ಯಾರದೋ ಅವರಿಗೆ ಪಾಲುಂಟೆಂಬುದು ಲೆಕ್ಕದ ಪುಸ್ತಕದಲ್ಲಿ ಬರೆಯಲ್ಪಟ್ಟಿತು. ಪಾಲು ಹಂಚುವ ಈ ತತ್ತ್ವವು ೨೦೦೨ರ ಜೀವವೈವಿಧ್ಯ ಕಾನೂನಿನಲ್ಲಿಯೂ ಸೇರಿದೆ.

ನಿಯಮಗಳಿಗೆ ಕೊರತೆಯಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ೨೦೧೭ರ ಮಾರ್ಗದರ್ಶಿಯ ಪ್ರಕಾರ, ಜನರಿಗೆ ತಿಳಿಯುವ ಭಾಷೆಯಲ್ಲಿಯೇ ಎಲ್ಲವನ್ನೂ ವಿವರಿಸತಕ್ಕದ್ದು. ಓದುಬಾರದವರು ಹೆಬ್ಬೆಟ್ಟೊತ್ತುವಾಗ ನಿಷ್ಪಕ್ಷಪಾತಿಯಾದ ಸಾಕ್ಷಿಯಿರತಕ್ಕದ್ದು. ನಡುವೆ ಬೇಡವೆಂದರೆ ಬಿಟ್ಟುಬಿಡತಕ್ಕದ್ದು. ಕಳೆದುಹೋದ ಕೂಲಿಯನ್ನು ತುಂಬಿಕೊಡಬಹುದು. ದಕ್ಷಿಣ ಆಫ್ರಿಕದ ಸಾನ್ ಜನರು ಅದೇ ವರ್ಷ ಸಂಶೋಧಕರಿಗೆ ತಾವೇ ನಿಯಮಗಳನ್ನು ಬರೆದು ಕೈಗಿತ್ತರು. ಇದು ನಮಗೆ ಬಹಳ ಹಿಡಿಸಿತು. ಬಾಗಿಲ ಒಳಗಿರುವವರೇ ಅಗಳಿ ಹಾಕುವ ಹಕ್ಕನ್ನು ಮರಳಿ ಪಡೆದಂತಾಯಿತು.

ನಮ್ಮ ಹುಡುಗಿಯ ವಿಚಾರವನ್ನು ಅರ್ಧಕ್ಕೆ ಬಿಟ್ಟೆವು. ಆಕೆ ಎರಡು ದಿನ ಯೋಚಿಸಿ, ನಲವತ್ತರಲ್ಲಿ ಹನ್ನೊಂದು ಪ್ರಶ್ನೆಗಳನ್ನು ಹೊಡೆದುಹಾಕಿ, ಹಾಳೆಗಳಿಲ್ಲದೆಯೇ ಕೇರಿಗೆ ಹೋದಳು. ತನಗೆ ಪದವಿ ಬೇಕಾಗಿದೆ, ಇದರಿಂದ ನಿಮಗೆ ಮನೆಯಾಗಲಿ ಸಾಲವಾಗಲಿ ದೊರೆಯುವುದಿಲ್ಲ, ಬರೆದುದನ್ನು ತಂದು ಓದಿ ಹೇಳುತ್ತೇನೆ, ಇಷ್ಟು ಮಾತ್ರ ತನ್ನ ಕೈಲಾದುದೆಂದು ಹೇಳಿದಳು. ಆರು ಮನೆಯವರು ಬೇಡವೆಂದರು. ಆ ಮನೆಗಳನ್ನು ಬಿಟ್ಟಳು. ಉಳಿದವರ ಕೂಲಿ ಕೆಡದಂತೆ ಸಂಜೆಯ ಹೊತ್ತು ಹೋಗತೊಡಗಿದಳು. ಹೀಗಾಗಿ ಒಂದು ತಿಂಗಳೆಂದು ಬಂದವಳು ಎರಡು ತಿಂಗಳು ನಿಂತಳು.

ಬರಹ ಮುಗಿದ ಮೇಲೆ ಒಂದು ಸಂಜೆ ಕೇರಿಯ ನಲ್ಲಿಯ ಬಳಿ ಕುಳಿತು ಓದಿದಳಂತೆ. ಕುಡಿತದ ವಿಷಯವಾಗಿ ಬರೆದಿದ್ದ ಒಂದು ವಾಕ್ಯವನ್ನು ಹೆಂಗಸರು ಒಪ್ಪಲಿಲ್ಲ. ಕುಡಿಯುವುದು ಸುಳ್ಳಲ್ಲ, ಆದರೆ ಚರಂಡಿಗೆ ಇಳಿಯುವ ಮೊದಲು ಏಕೆ ಕುಡಿಯುತ್ತಾರೆಂಬುದನ್ನೂ ಬರೆ ಎಂದರಂತೆ. ಬರೆದಳು. ಯಾವ ಮನೆಗೆ ನೀರು ಎಷ್ಟು ಹೊತ್ತು ಬರುತ್ತದೆಂಬ ಪಟ್ಟಿಯನ್ನು ಮಾತ್ರ ಅವರು ಎರಡು ಪ್ರತಿ ಮಾಡಿಸಿಕೊಂಡರು, ನಗರಸಭೆಗೆ ಕೊಡುವುದಕ್ಕೆಂದು.

ಹೊರಡುವಾಗ ಆ ಮುದುಕಿಯು ಹುಡುಗಿಯನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ತಂದೆಯ ಸಂಪಾದನೆಯೆಷ್ಟು, ಮದುವೆಗೆ ಗಂಡು ನೋಡಿದ್ದಾರೆಯೆ, ಮನೆಯಲ್ಲಿ ಸಾಲವೇನಾದರೂ ಉಂಟೆ ಎಂದು ಒಂದೊಂದಾಗಿ ಕೇಳಿದಳಂತೆ. ನಮ್ಮ ಹುಡುಗಿ ಎಲ್ಲಕ್ಕೂ ಉತ್ತರ ಹೇಳಿ ಬಂದಳು.