ಮಗುವಿಗೆ ಸಿ.ಟಿ. ಸ್ಕ್ಯಾನ್ ಬರೆದು ಕೊಟ್ಟರೆ ಹೆದರಬೇಡಿ, ಕೇಳಿ ತಿಳಿಯಿರಿ



ಸಾವಿರ ಮಕ್ಕಳು ಹುಟ್ಟಿದರೆ ಅದರಲ್ಲಿ ಸುಮಾರು 8 ಮಕ್ಕಳಿಗೆ ಹುಟ್ಟುವಾಗಲೇ ಹೃದಯದ ತೊಂದರೆ ಇರುತ್ತದೆ. ಮಗು ಹಾಲು ಕುಡಿಯುವಾಗ ಬೆವರುವುದು, ಸುಸ್ತಾಗಿ ನಡುನಡುವೆ ಬಿಡುವುದು, ತೂಕ ಏರದಿರುವುದು, ತುಟಿ-ಉಗುರು ನೀಲಿಯಾಗುವುದು, ಪದೇ ಪದೇ ನ್ಯುಮೋನಿಯಾ ಬರುವುದು ಇದರ ಲಕ್ಷಣಗಳು. "ದೃಷ್ಟಿ ತಾಗಿದೆ, ದೊಡ್ಡದಾಗುವಾಗ ಸರಿಯಾಗ್ತದೆ" ಅಂತ ಕಾದು ಕೂತರೆ ಆಪರೇಷನ್ನಿನ ಸಮಯ ಮೀರಿ ಹೋಗಬಹುದು.

ಮೊದಲು ಎಕೋ, ಬೇಕಾದರೆ ಸಿ.ಟಿ.

ಹೃದಯದಲ್ಲಿ ತೂತು ಉಂಟೋ ಎಂದು ನೋಡಲು ಹೆಚ್ಚಾಗಿ ಎಕೋ ಸಾಕು. ಇದು ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗ್‌ನ ಹಾಗೆ. ಇದರಲ್ಲಿ ವಿಕಿರಣ ಇಲ್ಲ. ಆದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಕಿರಿದಾಗಿದ್ದರೆ, ಶ್ವಾಸಕೋಶದ ನಾಳಗಳು ತಪ್ಪು ಜಾಗಕ್ಕೆ ಸೇರಿದ್ದರೆ, ನಾಳವೊಂದು ಉಸಿರುನಾಳವನ್ನು ಒತ್ತುತ್ತಿದ್ದರೆ ಎಕೋದಲ್ಲಿ ಪೂರ್ತಿ ಕಾಣುವುದಿಲ್ಲ. ಆಗ ಸಿ.ಟಿ. ಬೇಕಾಗ್ತದೆ. ಯಂತ್ರವು ಮಗುವಿನ ಸುತ್ತ ತಿರುಗಿ ಎಕ್ಸ್‌ರೇ ತೆಗೆಯುತ್ತದೆ; ಕಂಪ್ಯೂಟರ್ ಅದನ್ನೆಲ್ಲ ಜೋಡಿಸಿ ಎಲ್ಲಾ ಬದಿಯಿಂದ ನೋಡುವ ಚಿತ್ರ ಮಾಡುತ್ತದೆ. ಎಲ್ಲಿ ಕೊಯ್ಯಬೇಕು, ಎಲ್ಲಿ ಜೋಡಿಸಬೇಕು ಎಂದು ಸರ್ಜನ್‌ಗೆ ಮೊದಲೇ ತಿಳಿಯುತ್ತದೆ.

ಗಂಟಲಿಗೆ ಹೋದ ನೆಲಗಡಲೆ

ನಮ್ಮ ಮನೆಗಳಲ್ಲಿ ನೆಲಗಡಲೆ, ಅಡಿಕೆ ಚೂರು, ಪುಳಿಂಕೊಟೆ ಮಕ್ಕಳ ಕೈಗೆ ಸಿಗುತ್ತವೆ. ಇವು ಉಸಿರುನಾಳಕ್ಕೆ ಹೋದರೆ ಸಾದಾ ಎಕ್ಸ್‌ರೇಯಲ್ಲಿ ಹೆಚ್ಚಾಗಿ ಕಾಣುವುದಿಲ್ಲ. ಆಡುತ್ತಿದ್ದ ಮಗು ಒಮ್ಮೆಲೇ ಕೆಮ್ಮಿ, ಆಮೇಲೆ ವಾರಗಟ್ಟಲೆ ಗೊರಗೊರ ಉಸಿರಾಡಿದರೆ ಡಾಕ್ಟರಿಗೆ ಆ ಸಂಗತಿ ಖಂಡಿತ ಹೇಳಿ. ಸಂಶಯ ಇದ್ದಾಗ ಸಿ.ಟಿ. ಸಹಾಯ ಮಾಡುತ್ತದೆ. ಉಸಿರು ಕಟ್ಟುತ್ತಿದ್ದರೆ ಮಾತ್ರ ಸ್ಕ್ಯಾನ್‌ಗೆ ಕಾಯುವಂತಿಲ್ಲ, ತಕ್ಷಣ ಆಸ್ಪತ್ರೆಗೆ ಓಡಿ.

ಅಪಾಯ ಉಂಟಾ?

ಸಿ.ಟಿ.ಯಲ್ಲಿ ಸಾದಾ ಎದೆ ಎಕ್ಸ್‌ರೇಗಿಂತ ಎಷ್ಟೋ ಪಟ್ಟು ಹೆಚ್ಚು ವಿಕಿರಣ ಉಂಟು. ಬೆಳೆಯುವ ಮಕ್ಕಳಿಗೆ ಅದು ಹೆಚ್ಚು ತಾಗುತ್ತದೆ. ಒಂದು ಸ್ಕ್ಯಾನಿನ ಅಪಾಯ ತುಂಬ ಸಣ್ಣದು. ಅಗತ್ಯ ಇದ್ದಾಗ ಮಾಡಿಸದಿರುವುದೇ ದೊಡ್ಡ ಅಪಾಯ. ಆದರೆ ನಾವಾಗಿ "ಸಿ.ಟಿ. ಮಾಡಿಸಿ" ಎಂದು ಒತ್ತಾಯಿಸಬಾರದು. ಹೀಗೆ ಕೇಳಿ: "ಇದು ಎಂತಕ್ಕೆ? ಎಕೋ ಸಾಕಾಗುದಿಲ್ಲವಾ? ಮಗುವಿನ ತೂಕಕ್ಕೆ ಸರಿಯಾಗಿ ವಿಕಿರಣ ಕಡಿಮೆ ಮಾಡ್ತೀರಾ?"

ನೆನಪಿಡಿ

• ಹಳೆಯ ಫಿಲ್ಮು, ರಿಪೋರ್ಟು ಎಲ್ಲ ತೆಗೆದುಕೊಂಡು ಹೋಗಿ. ಅದೇ ಸ್ಕ್ಯಾನ್ ಎರಡು ಸಲ ಆಗುವುದು ತಪ್ಪುತ್ತದೆ.
• ನಾಳ ಕಾಣಲು ಅಯೋಡಿನ್ ಇರುವ ಮದ್ದನ್ನು ಇಂಜೆಕ್ಷನ್ ಕೊಡುತ್ತಾರೆ. ಮೊದಲು ಅಲರ್ಜಿ ಆಗಿದ್ದರೆ, ಉಬ್ಬಸ ಅಥವಾ ಕಿಡ್ನಿ ತೊಂದರೆ ಇದ್ದರೆ ಹೇಳಿ.
• ಎಷ್ಟು ಹೊತ್ತು ಹಾಲು ಕೊಡಬಾರದು ಎಂದು ಕೇಳಿ, ಹಾಗೆಯೇ ಮಾಡಿ.
• ತಾಯಿ ಗರ್ಭಿಣಿಯಾಗಿದ್ದರೆ ಸ್ಕ್ಯಾನ್ ಕೋಣೆಯೊಳಗೆ ಬೇರೆಯವರು ನಿಲ್ಲಲಿ.

ಖರ್ಚಿಗೆ ಎಂತ ಮಾಡುವುದು?

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ 2 ಸಲ, ಸರಕಾರಿ ಶಾಲೆಗೆ 1 ಸಲ ಬಂದು ಮಕ್ಕಳನ್ನು ನೋಡಬೇಕು. ಆ ದಿನ ಮಗುವನ್ನು ತಪ್ಪದೆ ಕಳಿಸಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಂಟು. ತುರ್ತು ಅಲ್ಲದಿದ್ದರೆ ಮೊದಲು ಬಂಟ್ವಾಳ, ಬೆಳ್ತಂಗಡಿಯ ತಾಲೂಕು ಆಸ್ಪತ್ರೆಗೆ ಅಥವಾ ಮೂಡುಬಿದಿರೆಯ ಸರಕಾರಿ ಆಸ್ಪತ್ರೆಗೆ ತೋರಿಸಿ. ಅಲ್ಲಿಂದ ಮಂಗಳೂರಿಗೆ ಶಿಫಾರಸು ಚೀಟಿ ಕೇಳಿ. ಸ್ಕ್ಯಾನಿನ ಹಣ ಯೋಜನೆಯೊಳಗೆ ಬರುತ್ತದಾ ಎಂದು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಮೊದಲೇ ವಿಚಾರಿಸಿ.

ಬಸ್ಸಿನ ಖರ್ಚು, ಕೂಲಿ ತಪ್ಪಿದ ದಿನಗಳ ಹಣ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಸಂಘದ ತುರ್ತು ಸಾಲ ಇರುವುದು ಇದಕ್ಕೇ. ಮುಂದಿನ ಸಭೆಯಲ್ಲಿ ಚರ್ಚಿಸಿ: ನಮ್ಮ ವಾರ್ಡಿನಲ್ಲಿ ತೂಕ ಏರದ, ಉಸಿರಿಗೆ ಕಷ್ಟಪಡುವ ಮಗು ಉಂಟಾ? ಆ ತಾಯಿಯ ಜೊತೆ ಆಸ್ಪತ್ರೆಗೆ ನಮ್ಮಲ್ಲಿ ಯಾರು ಹೋಗ್ತೀರಿ?